ದಂಡಿನ ಲೆಕ್ಕ

ಬೆಂಗಳೂರಿನ ಕಂಟೋನ್ಮೆಂಟನ್ನು ನಮ್ಮ ಹಿರಿಯರು ಇಂದಿಗೂ ‘ದಂಡು’ ಅನ್ನುತ್ತಾರೆ. ಪುಣೆಯವರಿಗೆ ತಮ್ಮದು ಬರೀ ‘ಕ್ಯಾಂಪ್’. ಹಳೇ ಪೇಠೆಗಳ ಸುತ್ತುಬಳಸು ಗಲ್ಲಿಗಳನ್ನು ದಾಟಿ ಬಂದರೆ ಇಲ್ಲಿ ರಸ್ತೆ ಒಮ್ಮೆಲೇ ನೆಟ್ಟಗಾಗುತ್ತದೆ. ಈಸ್ಟ್ ಸ್ಟ್ರೀಟಿನ ಕಯಾನಿ ಬೇಕರಿಯಲ್ಲಿ ಶ್ರೂಸ್‌ಬರಿ ಬಿಸ್ಕತ್ತಿಗೆ ಜನ ಮುಗಿಬೀಳುತ್ತಾರೆ. 1825ರಲ್ಲಿ ಬಿಷಪ್ ಹೆಬರ್ ಪ್ರತಿಷ್ಠಾಪಿಸಿದ ಸೇಂಟ್ ಮೇರಿ ಚರ್ಚು ಮರಗಳ ನೆರಳಲ್ಲಿ ನಿಂತಿದೆ. ಊರಿನ ನಕ್ಷೆಯ ಮೇಲೆ ಇನ್ನೊಂದು ಊರನ್ನು ಅಡಿಪಟ್ಟಿ ಇಟ್ಟು ಬರೆದಂತಿದೆ. ಬರೆದವರು ಯಾರೆಂಬುದು ಎಲ್ಲರಿಗೂ ಗೊತ್ತು. ದುಡ್ಡು ಕೊಟ್ಟವರು ಯಾರು ಎಂದು ಹುಡುಕುತ್ತ ಹೋದರೆ ದಾರಿ ಹಾವೇರಿ ಜಿಲ್ಲೆಗೆ ಬಂದು ಮುಟ್ಟುತ್ತದೆ.

1802ರ ಅಕ್ಟೋಬರ್ 25ರಂದು ಹಡಪ್ಸರದ ಹತ್ತಿರ ಯಶವಂತರಾವ್ ಹೋಳ್ಕರ್ ಪೇಶ್ವೆಯ ಪಡೆಯನ್ನು ಮುರಿದ. ಪೇಶ್ವೆ ಎರಡನೇ ಬಾಜೀರಾಯ ಪುಣೆ ಬಿಟ್ಟು ಓಡಿ ಇಂಗ್ಲಿಷರ ಮೊರೆಹೊಕ್ಕ. ಡಿಸೆಂಬರ್ 31ಕ್ಕೆ ವಸಾಯಿಯಲ್ಲಿ ಒಪ್ಪಂದವಾಯಿತು. ಅದರಂತೆ ಈಸ್ಟ್ ಇಂಡಿಯಾ ಕಂಪನಿಯ ಕನಿಷ್ಠ 6,000 ಕಾಲಾಳುಗಳು, ಅವರ ಜೊತೆಗೆ ಫಿರಂಗಿ ಮತ್ತು ಗೋಲಂದಾಜರು ಪೇಶ್ವೆಯ ನೆಲದಲ್ಲಿ ಕಾಯಂ ಆಗಿ ಇರಬೇಕು. ಅವರ ಖರ್ಚಿಗೆಂದು ವರ್ಷಕ್ಕೆ 26 ಲಕ್ಷ ರೂಪಾಯಿ ಹುಟ್ಟುವಳಿಯ ಸೀಮೆಗಳನ್ನು ಪೇಶ್ವೆ ಬಿಟ್ಟುಕೊಡಬೇಕು. ಆ ದಂಡಿಗೆ ಬೇಕಾದ ಕಾಳುಕಡಿ, ಬಟ್ಟೆಬರೆ, ಎತ್ತು, ಕುದುರೆ, ಒಂಟೆಗಳಿಗೆ ಸುಂಕ ಪೂರಾ ಮಾಫಿ.

ಭಾಗಾಕಾರ ಮಾಡಿ ನೋಡಿ. ತಲೆಗೆ ವರ್ಷಕ್ಕೆ 433 ರೂಪಾಯಿ ಬೀಳುತ್ತದೆ. ಆಗಿನ ಸಿಪಾಯಿಯ ಸಂಬಳ ತಿಂಗಳಿಗೆ ಸುಮಾರು 7 ರೂಪಾಯಿ, ಅಂದರೆ ವರ್ಷಕ್ಕೆ 84. ಅಧಿಕಾರಿಗಳು, ಫಿರಂಗಿ, ಸರಂಜಾಮು ಎಲ್ಲವನ್ನೂ ಸೇರಿಸಿಕೊಂಡರೂ ಸಂಬಳದ ಐದು ಪಟ್ಟು! ಪೇಶ್ವೆ ಖರ್ಚನ್ನೂ ಕೊಟ್ಟ, ಜುಟ್ಟನ್ನೂ ಕೊಟ್ಟ.

ಹೀಗೆ ಬಿಟ್ಟುಕೊಟ್ಟ ಸೀಮೆಗಳಲ್ಲಿ ಈಗ ಹಾವೇರಿ ಜಿಲ್ಲೆಯಲ್ಲಿರುವ ನಮ್ಮ ಸವಣೂರು, ಬಂಕಾಪುರಗಳೂ ಇದ್ದವು. ಎರಡರ ಹುಟ್ಟುವಳಿ 16 ಲಕ್ಷ. 26ರಲ್ಲಿ ಅದು ಅರ್ಧಕ್ಕಿಂತ ಹೆಚ್ಚು. ಪೇಶ್ವೆಯ ಕಾವಲಿನ ಬಿಲ್ಲನ್ನು ತುಂಗಭದ್ರೆಯ ಬಯಲಿನ ರೈತರ ತಲೆಗೆ ಕಟ್ಟಿದ್ದರು.

ವರ್ಷ ತುಂಬುವುದರೊಳಗೆ, 1803ರ ಡಿಸೆಂಬರಿನಲ್ಲಿ, ಒಪ್ಪಂದಕ್ಕೆ ಬಾಲಂಗೋಚಿ ಬೆಳೆಯಿತು. ಸವಣೂರು, ಬಂಕಾಪುರಗಳನ್ನೂ ಗುಜರಾತಿನ ಓಲ್ಪಾಡನ್ನೂ ಕಂಪನಿ ವಾಪಸು ಕೊಟ್ಟಿತು. ಬದಲಿಗೆ ಬುಂದೇಲಖಂಡದಲ್ಲಿ 36,16,000 ರೂಪಾಯಿಯ ಸೀಮೆ ಪಡೆಯಿತು. ಈ ಮೊತ್ತವನ್ನು ಬಿಡಿಸಿ ಓದಬೇಕು. ಸವಣೂರು, ಬಂಕಾಪುರಕ್ಕೆ 16 ಲಕ್ಷ. ಆ ಸೀಮೆಯ ಅನುಕೂಲಗಳನ್ನು ಬಿಟ್ಟುಕೊಟ್ಟದ್ದಕ್ಕೆ 50 ಸಾವಿರ. ಓಲ್ಪಾಡಿಗೆ 3,16,000. ದಂಡಿಗೆ ಹೊಸದಾಗಿ ಸೇರಿದ ಒಂದು ಅಶ್ವದಳಕ್ಕೆ 7,50,000. ಮರಾಠಾ ಕುದುರೆ ಸವಾರರ ಬಾಬ್ತು 5 ಲಕ್ಷ. ಕೊನೆಯದಾಗಿ, ಬುಂದೇಲಖಂಡವನ್ನು ಹತೋಟಿಗೆ ತಂದುಕೊಳ್ಳುವಾಗ ಬೀಳಬಹುದಾದ ಹೆಚ್ಚುವರಿ ಖರ್ಚಿಗೆ 4 ಲಕ್ಷ. ಉಡುಗೊರೆಯಾಗಿ ಬಂದ ಮನೆಯ ಬೀಗ ಒಡೆಯುವ ಕೂಲಿಯನ್ನೂ ಕೊಟ್ಟವನಿಂದಲೇ ವಸೂಲು ಮಾಡಿದಂತೆ.

ಕಂಪನಿಯ ದಂಡಿನ ದೊಡ್ಡ ಭಾಗ ಪುಣೆ ಸೀಮೆಯ ಶಿರೂರಿನಲ್ಲಿತ್ತು. ಪುಣೆಯ ಅಂಚಿಗೆ, ಗಾರಪೀರದಲ್ಲಿ, ಒಂದು ಬ್ರಿಗೇಡ್ ಇತ್ತು. 1817ರ ಜೂನಿನಲ್ಲಿ ಕಂಪನಿಯ ರೆಸಿಡೆಂಟ್ ಎಲ್ಫಿನ್‌ಸ್ಟನ್ ಇನ್ನೊಂದು ಕಾಗದ ಮುಂದಿಟ್ಟ. 5,000 ಕುದುರೆ, 3,000 ಕಾಲಾಳುಗಳ ಪಡೆಗೆಂದು ಮತ್ತೆ 34 ಲಕ್ಷದ ಸೀಮೆ. ಅದರಲ್ಲಿ ಧಾರವಾಡ, ಕುಸುಗಲ್ ಕೂಡ ಹೋದವು. ಪೇಶ್ವೆಗೆ ಸಹನೆ ತೀರಿತು. ನವೆಂಬರ್ 5ರಂದು ಖಡಕಿಯಲ್ಲಿ ಅವನ ಸುಮಾರು 28,000 ಜನ ಇಂಗ್ಲಿಷರ 2,800 ಜನರ ಮೇಲೆ ಬಿದ್ದರು. ಒಬ್ಬನಿಗೆ ಹತ್ತು ಮಂದಿ. ಸತ್ತವರು, ಗಾಯಗೊಂಡವರು ಸೇರಿ ಇಂಗ್ಲಿಷರ ಕಡೆ 86. ಪೇಶ್ವೆಯ ಕಡೆ ಸುಮಾರು 500. ಪೇಶ್ವೆಯ ರಕ್ಷಣೆಗೆಂದು, ಪೇಶ್ವೆಯ ಖರ್ಚಿನಲ್ಲಿ ಬಂದ ದಂಡು ಪೇಶ್ವೆಯನ್ನೇ ಸೋಲಿಸಿತು. ಕ್ಯಾಂಪಿನ ನೆಟ್ಟಗಿನ ರಸ್ತೆಗಳು ಆಮೇಲೆ ಬಂದವು.

ಆತಿಥೇಯ ದುಡ್ಡು ಕೊಡುವುದು, ಅತಿಥಿ ಬಿಡಾರ ಹೂಡುವುದು ಹಳೇ ಕಾಲದ ಮಾತಾಗಿ ಉಳಿದಿಲ್ಲ. ದಕ್ಷಿಣ ಕೊರಿಯಾದ ಪ್ಯೊಂಗ್‌ಟೆಕ್‌ನಲ್ಲಿ ಅಮೆರಿಕದ ಕ್ಯಾಂಪ್ ಹಂಫ್ರೀಸ್ ಇದೆ. ಗದ್ದೆಗಳಿದ್ದ ನೆಲಕ್ಕೆ ಮಣ್ಣು ತುಂಬಿ ಏರಿಸಿ, ಸುಮಾರು 3,500 ಎಕರೆಯಲ್ಲಿ ಹರಡಿದ ನೆಲೆ. ವಿಸ್ತರಣೆಯ ವೆಚ್ಚ ಸುಮಾರು 1,080 ಕೋಟಿ ಡಾಲರ್. ಅದರ ಶೇಕಡ 90ರಷ್ಟು ಕೊರಿಯಾದ ಬೊಕ್ಕಸದ್ದು. ಆದರೆ ಇಂಥ ಕಡೆ ಈಗ ನಕ್ಷೆಯ ಮೇಜಿಗೆ ಎರಡೂ ಕಡೆಯ ಎಂಜಿನಿಯರುಗಳು ಕೂರುತ್ತಾರೆ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ತಿದ್ದುತ್ತಾರೆ. ಗಾರಪೀರದಲ್ಲಿ ಅಂಥ ಮೇಜು ಇರಲಿಲ್ಲ.

1818ರ ಜೂನಿನಲ್ಲಿ ಬಾಜೀರಾಯ ಶರಣಾದ. ವರ್ಷಕ್ಕೆ 26 ಲಕ್ಷದ ಸೀಮೆ ಕೊಟ್ಟಿದ್ದವನಿಗೆ ವರ್ಷಕ್ಕೆ 8 ಲಕ್ಷ ಪಿಂಚಣಿ ಗೊತ್ತಾಯಿತು. ಅದನ್ನು ತಿಂದುಕೊಂಡು ಬಿಠೂರಿನಲ್ಲಿ 1851ರವರೆಗೆ ಬದುಕಿದ.

ಮೈಸೂರಿನ ಕಥೆ ಬೇರೆ. 1799ರ ಒಪ್ಪಂದದಂತೆ ಕಂಪನಿಯ ದಂಡಿಗೆ ಮೈಸೂರು ವರ್ಷಕ್ಕೆ 7 ಲಕ್ಷ ವರಹ, ರೂಪಾಯಿಯಲ್ಲಿ 24.5 ಲಕ್ಷ, ಕೊಡಬೇಕಿತ್ತು. 1809ರಲ್ಲಿ ಆ ದಂಡು ಶ್ರೀರಂಗಪಟ್ಟಣದಿಂದ ಬೆಂಗಳೂರಿಗೆ ಬಂತು. 1896ಕ್ಕೆ ಪೊಗದಿಯನ್ನು 35 ಲಕ್ಷಕ್ಕೆ ಏರಿಸಿದರು. ಅದಕ್ಕೂ ಮುಂಚಿನ 97 ವರ್ಷಗಳ ಬಾಬ್ತೇ ಕಾಗದದ ಮೇಲೆ 23 ಕೋಟಿ ದಾಟುತ್ತದೆ. ಪೇಶ್ವೆ ತಿರುಗಿಬಿದ್ದ, ಹದಿನೈದೇ ವರ್ಷದಲ್ಲಿ ಅವನ ಲೆಕ್ಕ ಚುಕ್ತಾ ಆಯಿತು. ಮೈಸೂರು ತಿರುಗಿಬೀಳಲಿಲ್ಲ, ಇಪ್ಪತ್ತನೇ ಶತಮಾನ ಬಂದರೂ ಕೊಡುತ್ತಲೇ ಇತ್ತು.