ಹರಿವಿನ ಗುರುತು: ರೌಟರ್ ಏನನ್ನು ಓದುತ್ತದೆ?

ಗಣಕಜಾಲದ ಪರಿಭಾಷೆಯಲ್ಲಿ 'ಫ್ಲೋ' ಎಂಬ ಶಬ್ದಕ್ಕೆ ಕನ್ನಡದ 'ಹರಿವು' ಸಹಜವಾಗಿ ಒದಗುತ್ತದೆ. ಆದರೆ ನದಿಯ ಹರಿವು ಅಖಂಡವಾದುದು. ಜಾಲದ ಹರಿವು ಬಿಡಿಬಿಡಿಯಾದುದು. ನಾವು ಕಳುಹಿಸುವ ಬರಹವಾಗಲಿ ಚಿತ್ರವಾಗಲಿ ಸಾಮಾನ್ಯವಾಗಿ 1500 ಬೈಟುಗಳನ್ನು ಮೀರದ ಪ್ಯಾಕೆಟ್‌ಗಳಾಗಿ ಒಡೆದು, ಅನ್ಯರ ಪ್ಯಾಕೆಟ್‌ಗಳೊಡನೆ ಬೆರೆತು ಸಾಗುತ್ತದೆ. ಈ ಬೆರಕೆಯಲ್ಲಿ ಯಾವುದು ಯಾವುದಕ್ಕೆ ಸೇರಿದ್ದೆಂಬುದನ್ನು ರೌಟರ್ ಗುರುತಿಸುವ ಬಗೆಯನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಪ್ರತಿಯೊಂದು ಪ್ಯಾಕೆಟ್ಟಿಗೂ ಲಕೋಟೆಯ ಮೇಲ್ಬರಹದಂತಹ ಶಿರೋಭಾಗವಿರುತ್ತದೆ. ಅದರಲ್ಲಿ ಮುಖ್ಯವಾದವು ಐದು ಅಂಶಗಳು: ಹೊರಟ ವಿಳಾಸ, ಸೇರುವ ವಿಳಾಸ, ಹೊರಟ ಪೋರ್ಟ್, ಸೇರುವ ಪೋರ್ಟ್ ಮತ್ತು ಪ್ರೋಟೋಕಾಲಿನ ಸಂಖ್ಯೆ. ಈ ಐದೂ ಸಮಾನವಾಗಿದ್ದು, ಕಾಲದಲ್ಲಿ ಒಂದರ ಹಿಂದೊಂದು ಬರುವ ಪ್ಯಾಕೆಟ್‌ಗಳ ಸಮೂಹವೇ ಒಂದು ಹರಿವು. ಮರುತ್ತರದಲ್ಲಿ ವಿಳಾಸಗಳು ಅದಲುಬದಲಾಗುವುದರಿಂದ ಅದು ಬೇರೊಂದು ಹರಿವೆನಿಸುತ್ತದೆ. ಅಂದರೆ ಒಂದು ಸಂವಾದಕ್ಕೆ ಎರಡು ಹರಿವುಗಳು.

1996ರಲ್ಲಿ ಸಿಸ್ಕೋ ಸಂಸ್ಥೆ ರೂಪಿಸಿದ ನೆಟ್‌ಫ್ಲೋ ಪದ್ಧತಿ ಈ ತತ್ತ್ವದ ಮೇಲೆಯೇ ನಿಂತಿದೆ. ಹೊಸ ಹರಿವಿನ ಮೊದಲ ಪ್ಯಾಕೆಟ್ ಬಂದೊಡನೆ ರೌಟರ್ ತನ್ನ ಸ್ಮೃತಿಯಲ್ಲಿ ಒಂದು ಸಾಲನ್ನು ತೆರೆಯುತ್ತದೆ. ಮುಂದಿನವು ಬಂದಂತೆ ಪ್ಯಾಕೆಟ್‌ಗಳ ಹಾಗೂ ಬೈಟುಗಳ ಲೆಕ್ಕವನ್ನು ಏರಿಸುತ್ತ, ಆರಂಭದ ಮತ್ತು ಕೊನೆಯ ಕಾಲವನ್ನು ದಾಖಲಿಸುತ್ತದೆ. ಸಂಪರ್ಕ ಮುಗಿದ ಸೂಚನೆ ಬಂದಾಗ, ಅಥವಾ ರೂಢಿಯ ಅವಧಿಯಾದ 15 ಸೆಕೆಂಡು ಮೌನವಿದ್ದಾಗ ಆ ಸಾಲು ಮುಚ್ಚುತ್ತದೆ. ಬಹುಕಾಲ ನಡೆಯುವ ಹರಿವನ್ನು ಸಾಮಾನ್ಯವಾಗಿ 30 ನಿಮಿಷಗಳಿಗೊಮ್ಮೆ ಕತ್ತರಿಸಿ ದಾಖಲಿಸುವುದುಂಟು. ಮುಚ್ಚಿದ ಸಾಲುಗಳು ಸಂಗ್ರಾಹಕ ಗಣಕಕ್ಕೆ ರವಾನೆಯಾಗುತ್ತವೆ. ಈ ಪದ್ಧತಿಯ ಐದನೆಯ ಆವೃತ್ತಿಯಲ್ಲಿ ಒಂದು ದಾಖಲೆಯ ಗಾತ್ರ ಕೇವಲ 48 ಬೈಟು. ಒಂಬತ್ತನೆಯ ಆವೃತ್ತಿಯನ್ನು ಆಧರಿಸಿ 2008ರಲ್ಲಿ ಐಪಿಫಿಕ್ಸ್ ಎಂಬ ಸಾರ್ವತ್ರಿಕ ಮಾನಕ ಪ್ರಕಟವಾಗಿ, 2013ರಲ್ಲಿ ಪರಿಷ್ಕೃತಗೊಂಡಿತು. ದಟ್ಟಣೆ ಅತಿಯಾದ ಕಡೆ ಎಲ್ಲವನ್ನೂ ಎಣಿಸುವುದು ಅಸಾಧ್ಯವಾದ್ದರಿಂದ, ಸಾವಿರಕ್ಕೊಂದರಂತೆ ಆಯ್ದು ಅಂದಾಜಿಸುವ ಕ್ರಮವೂ ಇದೆ. ಆಗ ಕಿರುಹರಿವುಗಳು ಗಣನೆಯಿಂದ ತಪ್ಪಿಹೋಗುವ ಸಂಭವ ಹೆಚ್ಚು.

ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಈ ಪದ್ಧತಿಗೆ ಒಳಗಣ ಬರಹ ಬೇಕಾಗಿಯೇ ಇಲ್ಲ. ಯೂನಿಕೋಡಿನ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟು ಬೇಕು. ಇಂಗ್ಲಿಷಿನ ಅಕ್ಷರಕ್ಕೆ ಒಂದೇ ಸಾಕು. ರೌಟರಿಗೆ ತಿಳಿಯುವುದು ಈ ತೂಕವೇ ಹೊರತು ನುಡಿಯಲ್ಲ. ಆದರೂ ಬರಹವನ್ನು ಗೂಢಲಿಪಿಯಲ್ಲಿ ಅಡಗಿಸಿದ ಮೇಲೆಯೂ ಯಾವ ವಿಳಾಸ ಯಾವುದರೊಡನೆ, ಯಾವಾಗ, ಎಷ್ಟು ಹೊತ್ತು ವ್ಯವಹರಿಸಿತೆಂಬುದು ಉಳಿಯುತ್ತದೆ. ಒಂದೇ ವಿಳಾಸದ ಮೇಲೆ ಸಹಸ್ರಾರು ಕಿರುಹರಿವುಗಳು ಏಕಕಾಲಕ್ಕೆ ಎರಗಿದರೆ ಆಕ್ರಮಣವನ್ನು ಪತ್ತೆಹಚ್ಚಲು ನೆರವಾಗುವ ದಾಖಲೆಯೇ ವ್ಯಕ್ತಿಯ ಚಲನವಲನವನ್ನು ಊಹಿಸಲೂ ಒದಗುತ್ತದೆ. ಆದರೆ ವಿಳಾಸವೆಂದರೆ ವ್ಯಕ್ತಿಯಲ್ಲ. ಒಂದು ವಿದ್ಯಾರ್ಥಿನಿಲಯದ ನೂರು ಮಂದಿ ಹೊರಗಿನವರಿಗೆ ಒಂದೇ ವಿಳಾಸವಾಗಿ ಕಾಣಬಹುದು. ಆದ್ದರಿಂದ ದಾಖಲೆಯನ್ನು ಓದುವವನಿಗೂ ಪಾಠಸಂಪಾದಕನ ಎಚ್ಚರ ಬೇಕು: ಪ್ರತಿಯಲ್ಲಿ ಇರುವುದೇನು, ನಾವು ಊಹಿಸಿ ಸೇರಿಸಿದ್ದೇನು ಎಂಬ ವಿವೇಚನೆಯಿಲ್ಲದ ಓದು ನಿರಪರಾಧಿಯನ್ನೂ ಅಪರಾಧಿಯಾಗಿಸೀತು.