ಹುಬ್ಬು ಹೇಳಿದ ಕಥೆ

ಹಾನಗಲ್ಲಿನ ಚಹಾದಂಗಡಿ. ಬಿಸಿ ಬಿಸಿ ಮಿರ್ಚಿ. ಹಿರಿಯರೊಬ್ಬರ ಕಥೆ ರಂಗೇರಿದೆ: "ಎತ್ತು ಹಗ್ಗ ಹರ್ಕೊಂಡು ಬಂತ್ ನೋಡ್ರಿ, ನಾ ಹೊಳ್ಳಿ ನೋಡೂದ್ರಾಗ..."

ಮಾತು ನಿಂತಿತು. ಮುಖ ನಿಲ್ಲಲಿಲ್ಲ! ಹುಬ್ಬು ಮೇಲೇರಿತು, ಕಣ್ಣು ಅಗಲವಾಯಿತು. ಎದುರಿಗೆ ಕೂತವನ ಮಿರ್ಚಿ ಬಾಯಿಯ ಹತ್ತಿರವೇ ತಡೆಯಿತು. "ಆಮ್ಯಾಲ ಏನಾತ್ರಿ?"

ಈಗ ಹೇಳಿ, ಈ ಕಥೆ ಹೇಳುತ್ತಿರುವವರು ಎಷ್ಟು ಜನ? ಒಬ್ಬರೇ ಅಂದಿರಾ? ಸೋತಿರಿ!

ಕೆನಡಾದ ಜಾನೆಟ್ ಬವೆಲಾಸ್ ಮತ್ತು ಸಂಗಡಿಗರು ಒಂದು ತುಂಟ ಪ್ರಯೋಗ ಮಾಡಿದರು. ಕೂದಲೆಳೆಯಲ್ಲಿ ಪಾರಾದ ಕಥೆ ಒಬ್ಬರು ಹೇಳಬೇಕು, ಇನ್ನೊಬ್ಬರು ಕೇಳಬೇಕು. ಕೆಲವು ಕೇಳುಗರಿಗೆ ಗುಟ್ಟಾಗಿ ಒಂದು ಕೆಲಸ! ಏನಿರಬಹುದು? ಆಕಳಿಸುವುದೇ? ಅಲ್ಲ. 'ಟಿ' ಅಕ್ಷರದಿಂದ ಶುರುವಾಗುವ ಪದ ಬಂದಾಗಲೆಲ್ಲ ಗುಂಡಿ ಒತ್ತುವುದು!

ಅಂದರೆ ಕಿವಿ ಪದಪದಕ್ಕೂ ತೆರೆದೇ ಇತ್ತು. ಮುಖ ಮಾತ್ರ ಸಪ್ಪೆ. ಅಷ್ಟಕ್ಕೇ ಕಥೆ ಕೆಟ್ಟಿತು! ಎಲ್ಲಿ ಗೊತ್ತೇ? ಪಾರಾಗುವ ಕೊನೆಯಲ್ಲೇ! ಹೇಳುವವರು ತಡವರಿಸಿದರು, ಹೇಳಿದ್ದನ್ನೇ ಹೇಳಿದರು. ಫಲಿತಾಂಶ ಪ್ರಕಟವಾದದ್ದು 2000ದಲ್ಲಿ. ನಮ್ಮ ಅಜ್ಜಿಯರು ಅದೆಷ್ಟು ಮೊದಲೇ ಕಟ್ಟಪ್ಪಣೆ ಮಾಡಿದ್ದರು: ಹೂಂಗುಟ್ಟದವರಿಗೆ ಕಥೆಯಿಲ್ಲ!

ಇನ್ನೂ ಒಂದಿದೆ, ಕೇಳಿ. ಕಥೆ ಹೇಳುವವರು ನಿಮ್ಮನ್ನೇ ದಿಟ್ಟಿಸುವುದಿಲ್ಲ! ಆಗಾಗ ಎಲ್ಲೋ ನೋಡುತ್ತಾರೆ, ತಟ್ಟನೆ ನಿಮ್ಮ ಕಡೆ ತಿರುಗುತ್ತಾರೆ. ನಿಮ್ಮ 'ಹೂಂ', ನಿಮ್ಮ ತಲೆದೂಗು ಹೆಚ್ಚಾಗಿ ಬೀಳುವುದು ಆ ಪುಟ್ಟ ಕಿಂಡಿಯಲ್ಲೇ! ಯಾರು ಕಲಿಸಿದರು ನಿಮಗೆ?

ಶಿಗ್ಗಾಂವಿ ತಾಲ್ಲೂಕಿನ ಗೊಟಗೋಡಿಯಲ್ಲಿ ಜಾನಪದಕ್ಕೇ ಮೀಸಲಾದ ವಿಶ್ವವಿದ್ಯಾಲಯವಿದೆ. ಜನಪದ ಕಥೆಗಳ ಪುಸ್ತಕಗಳೂ ನಮ್ಮಲ್ಲಿ ರಾಶಿ. ಆದರೆ ಅಚ್ಚಾದ ಕಥೆಯಲ್ಲಿ ಆ ಹುಬ್ಬೆಲ್ಲಿ? ಕೇಳಿದವನ ಬಾಯಿ ತೆರೆದ ಮುಖವೆಲ್ಲಿ? ಅರ್ಧ ಕಥೆಯನ್ನೇ ಬಿಟ್ಟಂತಲ್ಲವೇ, ನನ್ನ ಪ್ರಕಾರ!

ಅಯ್ಯೋ, ಅಂಗಡಿಯಲ್ಲಿ ಮೊಬೈಲು ಬಡಿದುಕೊಂಡಿತು! ಮಿರ್ಚಿಯವನ ಕಣ್ಣು ಅತ್ತ ಹೊರಳಿತು. ಹಿರಿಯರು ತೊದಲಿದರು: "ನಾ... ನಾ ಹೊಳ್ಳಿ..." ಮರೆವೇ? ಅಲ್ಲವೇ ಅಲ್ಲ! ಅಮೆರಿಕದ ಚಾರ್ಲ್ಸ್ ಗುಡ್ವಿನ್ ಮಾತುಕತೆಗಳ ವಿಡಿಯೊಗಳನ್ನು ಇಂಚಿಂಚೂ ನೋಡಿ ಪತ್ತೆ ಹಚ್ಚಿದ್ದು ಇದನ್ನೇ. ಕೇಳುಗನ ಕಣ್ಣು ತಪ್ಪಿದರೆ ಹೇಳುವವರು ವಾಕ್ಯವನ್ನು ನಡುವೆಯೇ ಮುರಿದು ಮತ್ತೆ ಶುರುಮಾಡುತ್ತಾರೆ. ಆ ತೊದಲು ಕಣ್ಣಿಗೆ ಎಸೆದ ಗಾಳ!

ಸಿಕ್ಕಿತು! ಕಣ್ಣು ಮರಳಿತು. "ನಾ ಹೊಳ್ಳಿ ನೋಡೂದ್ರಾಗ, ಎತ್ತು ಮುಂದ ಬಂದು..."

ಬಂದು ಏನು ಮಾಡಿತು? ಹಿರಿಯರು ಹೇಳಲೇ ಇಲ್ಲ. ಕಣ್ಣು ಅರೆಮುಚ್ಚಿ, ನಾಲಿಗೆ ಚಾಚಿ, ತಮ್ಮ ಅಂಗೈಯನ್ನೇ ನೆಕ್ಕಿದಂತೆ ಮಾಡಿದರು.

ಅಂಗಡಿಗೆ ಅಂಗಡಿಯೇ ಗೊಳ್ಳೆಂದಿತು!