ನ್ಯೂಟ್ರಾನ್ ಹೊಡೆತಕ್ಕೆ ಉದ್ದವಾಗುವ ಲೋಹ

ಯಲ್ಲಾಪುರದಿಂದ ವಜ್ರಳ್ಳಿ, ಬಾರೆ ದಾಟಿ ಘಟ್ಟ ಇಳಿದರೆ ಕಾಳಿ ದಂಡೆಯ ಕೈಗಾ ಸಿಗುತ್ತದೆ. ಅಲ್ಲಿನ ಅಣುಸ್ಥಾವರದ ಒಂದನೇ ಘಟಕ 2016ರ ಮೇ 13ರಿಂದ 2018ರ ಡಿಸೆಂಬರ್ 31ರವರೆಗೆ, 962 ದಿನ ಎಡೆಬಿಡದೆ ಓಡಿ ಆಗಿನ ವಿಶ್ವದಾಖಲೆ ಬರೆಯಿತು. ಅಷ್ಟು ದಿನವೂ ಒಳಗಿನ ಲೋಹಕ್ಕೆ ನ್ಯೂಟ್ರಾನ್‌ಗಳ ಹೊಡೆತ ಬೀಳುತ್ತಲೇ ಇತ್ತು.

ಕೈಗಾದ ಪ್ರತಿ ರಿಯಾಕ್ಟರಿನಲ್ಲಿ ಅಡ್ಡಲಾಗಿ ಮಲಗಿಸಿದ 306 ಪ್ರೆಷರ್ ಟ್ಯೂಬ್‌ಗಳಿವೆ. ಜಿರ್ಕೋನಿಯಂಗೆ ಶೇ. 2.5ರಷ್ಟು ನಿಯೋಬಿಯಂ ಬೆರೆಸಿದ ಲೋಹದ ಕೊಳವೆಗಳಿವು. ಯುರೇನಿಯಂ ಇಂಧನ ಇರುವುದು ಇವುಗಳ ಒಳಗೇ. ಅದರ ಶಾಖ ಹೊತ್ತ ಭಾರಜಲ 290 ಡಿಗ್ರಿಯ ಆಸುಪಾಸಿನಲ್ಲಿ ಹೊರಬರುತ್ತದೆ.

ವೇಗದ ನ್ಯೂಟ್ರಾನ್ ಬಡಿದಾಗ ಲೋಹದ ಪರಮಾಣು ತನ್ನ ಜಾಗದಿಂದ ಸಿಡಿಯುತ್ತದೆ. ಸಿಡಿದದ್ದು ಇನ್ನಷ್ಟನ್ನು ಕೆಡವುತ್ತದೆ. ಹೆಚ್ಚಿನವು ಮತ್ತೆ ಯಾವುದೋ ಖಾಲಿ ಜಾಗಕ್ಕೆ ಸೇರಿಕೊಳ್ಳುತ್ತವೆ. ಉಳಿದ ಪರಮಾಣುಗಳು ಹರಳಿನ ಒಂದು ದಿಕ್ಕಿನ ಪದರಗಳಲ್ಲಿ, ಖಾಲಿ ಜಾಗಗಳು ಇನ್ನೊಂದು ದಿಕ್ಕಿನಲ್ಲಿ ಒಟ್ಟುಗೂಡುತ್ತವೆ. ಜಿರ್ಕೋನಿಯಂ ಹರಳು ಷಟ್ಕೋನದ್ದು, ಎಲ್ಲ ದಿಕ್ಕಿಗೂ ಒಂದೇ ರೀತಿ ಇರುವುದಿಲ್ಲ. ಹಾಗಾಗಿ ಕೊಳವೆ ಉದ್ದವಾಗುತ್ತದೆ. ಒತ್ತಡಕ್ಕೆ ಅದರ ವ್ಯಾಸ ಹಿಗ್ಗುತ್ತದೆ. ತೋಟಕ್ಕೆ ನೀರು ಹಾಯಿಸುವ ಅಡಿಕೆ ದಂಬೆಯ ಹಾಗೆ, ಭಾರಕ್ಕೆ ನಡುವೆ ಜೋತುಬೀಳುತ್ತದೆ.

ಜೋತ ಕೊಳವೆ ತನ್ನನ್ನು ಸುತ್ತುವರಿದ ಇನ್ನೊಂದು ತಂಪು ಕೊಳವೆಗೆ ತಾಗಬಾರದು. ತಾಗಿದಲ್ಲಿ ಲೋಹ ಹೀರಿದ ಹೈಡ್ರೋಜನ್ ಒಟ್ಟಾಗಿ, ಆ ಭಾಗ ಪೆಡಸಾಗಿ ಸೀಳಬಹುದು. 1983ರ ಆಗಸ್ಟ್‌ನಲ್ಲಿ ಕೆನಡಾದ ಪಿಕರಿಂಗ್ ಸ್ಥಾವರದಲ್ಲಿ ಹೀಗೆಯೇ ಒಂದು ಕೊಳವೆ ಸುಮಾರು ಎರಡು ಮೀಟರ್ ಉದ್ದಕ್ಕೆ ಸೀಳಿತು. ಅದು ಬೇರೆ ಜಿರ್ಕೋನಿಯಂ ಮಿಶ್ರಲೋಹದ್ದು. ಎರಡು ಕೊಳವೆಗಳ ನಡುವೆ ಅಂತರ ಕಾಯುವ ಸ್ಪ್ರಿಂಗ್‌ಗಳು ಅಲ್ಲಿ ಸರಿದುಹೋಗಿದ್ದವು.

ಪರಮಾಣುಗಳನ್ನು ಒಡೆಯುವ ಬದಲು ಬೆಸೆಯುವ ಸಮ್ಮಿಲನ ರಿಯಾಕ್ಟರಿನ ಗೋಡೆಗೆ ಇದಕ್ಕಿಂತ ಕಠಿಣ ಪರೀಕ್ಷೆ ಕಾದಿದೆ. ಕೈಗಾದಂಥ ವಿದಳನ ರಿಯಾಕ್ಟರಿನಲ್ಲಿ ಹುಟ್ಟುವ ನ್ಯೂಟ್ರಾನ್‌ನ ಸರಾಸರಿ ಶಕ್ತಿ ಸುಮಾರು 2 ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್; ಡ್ಯೂಟೀರಿಯಂ-ಟ್ರಿಟಿಯಂ ಸಮ್ಮಿಲನದಲ್ಲಿ 14.1. ಅಂಥ ನ್ಯೂಟ್ರಾನ್ ಪರಮಾಣುಗಳನ್ನು ಕದಲಿಸುವುದಷ್ಟೇ ಅಲ್ಲ, ಉಕ್ಕಿನೊಳಗೇ ಹೀಲಿಯಂ ಹುಟ್ಟಿಸಿ ಉಕ್ಕನ್ನು ಉಬ್ಬಿಸಬಲ್ಲದು. ಮೇಲಿನಿಂದ ಪ್ಲಾಸ್ಮಾದ ದಾಳಿ ಬೇರೆ: ಪ್ರಯೋಗಾಲಯಗಳಲ್ಲಿ ಹೀಲಿಯಂ ಪ್ಲಾಸ್ಮಾಕ್ಕೆ ಒಡ್ಡಿದ ಬಿಸಿ ಟಂಗ್‌ಸ್ಟನ್ ಮೇಲೆ ನವಿರಾದ ಎಳೆಗಳೇ ಎದ್ದಿವೆ. ಭಾರತವೂ ಪಾಲುದಾರನಾಗಿರುವ, ಫ್ರಾನ್ಸಿನ ಐಟರ್ ಯಂತ್ರದಲ್ಲಿ ಅತಿ ಹೆಚ್ಚು ಬಿಸಿ ತಡೆಯುವ ಭಾಗಕ್ಕೆ ಹಾಕುವುದು ಇದೇ ಟಂಗ್‌ಸ್ಟನ್.

ಕೈಗಾದ ಬಗ್ಗೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಜನ ದಶಕಗಳಿಂದ ಮಾತಾಡುತ್ತಿದ್ದಾರೆ. ಎಷ್ಟು ದಿನ ಓಡಿತು ಎಂಬುದರ ಜೊತೆಗೆ ನಾವು ಕೇಳಬೇಕಾದ್ದು ಇನ್ನೂ ಇದೆ: ಕೊಳವೆಗಳನ್ನು ಕೊನೆಯ ಸಲ ಅಳೆದದ್ದು ಯಾವಾಗ, ಎಷ್ಟು ಜೋತಿವೆ, ಬದಲಿಸುವುದು ಯಾವಾಗ? ರಿಯಾಕ್ಟರಿನ ಆಯಸ್ಸನ್ನು ಲೋಹ ನಿರ್ಧರಿಸುತ್ತದೆ; ಆ ಲೆಕ್ಕ ಊರಿನವರಿಗೂ ಗೊತ್ತಿರಬೇಕು.